ಹಳೆ ಲ್ಯಾಪ್‌ಟಾಪ್‌ಗೆ ರ‍್ಯಾಮ್: ಮೊದಲು ಚೀಟಿ ಓದಿ, ಆಮೇಲೆ ಅಂಗಡಿಗೆ ಹೋಗಿ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಕೈಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳೇ ಜಾಸ್ತಿ. ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಗಟ್ಟಿ ಮಾಲು, ಆದರೆ ತೆರೆದ ಕೆಲಸಗಳನ್ನು ಹಿಡಿದಿಡುವ ಮೆಮೊರಿಯಾಗಿ ಒಳಗೆ ಇರುವುದು 4 ಜಿಬಿ ರ‍್ಯಾಮ್. ಒಂದು ಕಡೆ ಆನ್‌ಲೈನ್ ಕ್ಲಾಸ್, ಇನ್ನೊಂದು ಕಡೆ ಪಿಡಿಎಫ್, ಜೊತೆಗೆ ಕ್ರೋಮ್‌ನಲ್ಲಿ ನಾಲ್ಕಾರು ಟ್ಯಾಬ್ ತೆರೆದರೆ ಮೌಸ್ ಬಾಣವೂ ಅಲ್ಲೇ ನಿಂತುಬಿಡುತ್ತದೆ. ಗದಗದ ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಡಿಟಿಪಿ ಮಾಡುವವರದ್ದೂ ಇದೇ ಗೋಳು. ರ‍್ಯಾಮ್ ಹಾಕಿಸಿದರೆ ಇಂಥ ಲ್ಯಾಪ್‌ಟಾಪ್ ಇನ್ನೂ ಎರಡು ಮೂರು ವರ್ಷ ಚೆನ್ನಾಗಿ ನಡೆಯುತ್ತದೆ. ಆದರೆ ತಪ್ಪು ಸ್ಟಿಕ್ (ಮೆಮೊರಿ ಚಿಪ್‌ಗಳಿರುವ ಸಣ್ಣ ಪಟ್ಟಿ) ತಂದು, ಸ್ಕ್ರೀನ್ ಕಪ್ಪಾಗಿ, ಅದನ್ನು ವಾಪಸ್ ಕೊಡಲು ಅಂಗಡಿಗೆ ಎಡತಾಕುವವರನ್ನು ನಾನು ನೋಡುತ್ತಲೇ ಇದ್ದೇನೆ. ಸಾವಿರ ರೂಪಾಯಿ ಅಂದರೆ ಆ ಮಕ್ಕಳಿಗೆ ಸಣ್ಣ ದುಡ್ಡಲ್ಲ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಹಂತ 1: ಕೊರತೆ ರ‍್ಯಾಮ್‌ನದ್ದೇನಾ?

ನೀವು ದಿನಾ ಮಾಡುವ ಕೆಲಸಗಳನ್ನೆಲ್ಲ ತೆರೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಮೆಮೊರಿ ಶೇ 85–90ರ ಮೇಲೇ ನಿಂತಿದ್ದರೆ ರ‍್ಯಾಮ್ ಬೇಕು. ಮೆಮೊರಿ ಶೇ 50ರ ಆಸುಪಾಸಿನಲ್ಲಿದ್ದು ಡಿಸ್ಕ್ ಮಾತ್ರ ಶೇ 100 ತೋರಿಸುತ್ತಿದ್ದರೆ ನಿಮ್ಮ ತೊಂದರೆ ಹಳೆ ಹಾರ್ಡ್ ಡಿಸ್ಕ್‌ನದ್ದು. ಆಗ ರ‍್ಯಾಮ್‌ಗೆ ಒಂದು ರೂಪಾಯಿಯೂ ಹಾಕಬೇಡಿ, ಹಾರ್ಡ್ ಡಿಸ್ಕ್ ಜಾಗದಲ್ಲಿ ಅದಕ್ಕಿಂತ ಚುರುಕಾದ ಎಸ್‌ಎಸ್‌ಡಿ ಹಾಕಿಸಿ. ಎರಡೂ ಬೇಕಿದ್ದು ದುಡ್ಡು ಒಂದಕ್ಕೇ ಇದ್ದರೆ ಎಸ್‌ಎಸ್‌ಡಿಯೇ ಮೊದಲು.

ಇನ್ನೊಂದು ವಿಷಯ. ವಿಂಡೋಸ್ 32 ಬಿಟ್‌ನದ್ದಾಗಿದ್ದರೆ ಎಷ್ಟೇ ರ‍್ಯಾಮ್ ಹಾಕಿದರೂ ಅದು 4 ಜಿಬಿ ದಾಟಿ ಬಳಸುವುದಿಲ್ಲ. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ನೋಡಿಕೊಳ್ಳಿ.

‘ರ‍್ಯಾಮ್ ಕ್ಲೀನರ್’ ಅಂತ ಸಿಗುವ ಸಾಫ್ಟ್‌ವೇರ್‌ಗಳನ್ನು ಹಾಕಿಕೊಳ್ಳಬೇಡಿ. ಅವು ರ‍್ಯಾಮ್ ಹೆಚ್ಚಿಸುವುದಿಲ್ಲ, ತಾವೇ ಒಂದಿಷ್ಟು ಜಾಗ ತಿನ್ನುತ್ತವೆ. ಪೆನ್‌ಡ್ರೈವ್ ಚುಚ್ಚಿ ರ‍್ಯಾಮ್ ಮಾಡಿಕೊಳ್ಳುವ ಉಪಾಯವೂ ಅಷ್ಟೇ. ಪೆನ್‌ಡ್ರೈವ್‌ನ ವೇಗ ರ‍್ಯಾಮ್‌ನ ಹತ್ತಿರಕ್ಕೂ ಬರುವುದಿಲ್ಲ.

ಹಂತ 2: ಹಿಂಬದಿ ತೆರೆದು ನೋಡಿ

ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ (ಸ್ಟಿಕ್ ಕೂರುವ ಜಾಗ) ಇವೆ, ಎಷ್ಟು ಬಳಕೆಯಲ್ಲಿವೆ ಎಂದು ತೋರಿಸುತ್ತದೆ. ಅದನ್ನೇ ನಂಬಿ ಅಂಗಡಿಗೆ ಓಡಬೇಡಿ, ಕಣ್ಣಾರೆ ನೋಡಿ. ತೆಳ್ಳಗಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸೆದಿರುತ್ತದೆ. ಅಂಥದ್ದಕ್ಕೆ ಏನೂ ಹಾಕಲು ಬರುವುದಿಲ್ಲ. ಕೆಲವದರಲ್ಲಿ ಒಂದಿಷ್ಟು ಬೆಸೆದಿದ್ದು, ಜೊತೆಗೆ ಒಂದು ಸ್ಲಾಟ್ ಕೊಟ್ಟಿರುತ್ತಾರೆ. ಥಿಂಕ್‌ಪ್ಯಾಡ್ ಟಿ420, ಟಿ430ಗಳಲ್ಲಿ ಒಂದು ಸ್ಲಾಟ್ ಅಡಿಯ ಮುಚ್ಚಳದ ಒಳಗಿದ್ದರೆ ಇನ್ನೊಂದು ಕೀಬೋರ್ಡ್ ಕೆಳಗಿದೆ. ಒಂದೇ ಸ್ಲಾಟ್ ಇದೆ ಅಂದುಕೊಂಡು ಒಳ್ಳೆ ಸ್ಟಿಕ್ ಕಿತ್ತು ಮಾರುವವರೂ ಇದ್ದಾರೆ.

ತೆರೆಯುವ ಮೊದಲು ಶಟ್‌ಡೌನ್ ಮಾಡಿ. ಸ್ಲೀಪ್ ಅಲ್ಲ, ಶಟ್‌ಡೌನ್. ಚಾರ್ಜರ್ ತೆಗೆಯಿರಿ, ಬ್ಯಾಟರಿ ಹೊರಗೆ ಬರುವಂತಿದ್ದರೆ ಅದನ್ನೂ ತೆಗೆಯಿರಿ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬ್ಯಾಟರಿ ಒಳಗೇ ಇರುವ ಮಾದರಿಯಾದರೆ ಮುಚ್ಚಳ ತೆಗೆದ ಮೇಲೆ ಅದರ ಕನೆಕ್ಟರ್ ಬಿಡಿಸಿ, ಆಮೇಲೆ ರ‍್ಯಾಮ್ ಮುಟ್ಟಿ. ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಬಿಳಿ ಹಾಳೆ ಮೇಲೆ ಲ್ಯಾಪ್‌ಟಾಪ್‌ನ ಚಿತ್ರ ಗೀಚಿ, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಇಡಿ. ಬಿಗಿಯಾದ ಮುಚ್ಚಳ ಎಬ್ಬಿಸಲು ಹಳೆ ಎಟಿಎಂ ಕಾರ್ಡ್ ಸಾಕು, ಚಾಕು ಬೇಡ. ಹೇಗೂ ತೆರೆದಿದ್ದೀರಿ, ಫ್ಯಾನಿಗೆ ಮೆತ್ತಿದ ಹುಬ್ಬಳ್ಳಿ ಧೂಳನ್ನು ಮೆತ್ತನೆ ಬ್ರಷ್‌ನಿಂದ ತೆಗೆದುಬಿಡಿ.

ಹಂತ 3: ಚೀಟಿ ಓದುವುದು

ಜನ ಎಡವುವುದು ಇಲ್ಲೇ. ಅಂಗಡಿಗೆ ಹೋಗಿ ‘ಐ5 ಲ್ಯಾಪ್‌ಟಾಪ್ ಐತ್ರಿ, 8 ಜಿಬಿ ರ‍್ಯಾಮ್ ಕೊಡ್ರಿ’ ಅಂತಾರೆ. ಕೌಂಟರ್‌ನ ಹುಡುಗ ‘ತಗೋರಿ, ಇದು ಎಲ್ಲಾಕೂ ಕೂಡತೈತಿ’ ಅಂತ ಕೊಟ್ಟುಬಿಡುತ್ತಾನೆ. ಎಲ್ಲಕ್ಕೂ ಕೂಡುವ ರ‍್ಯಾಮ್ ಅಂತ ಯಾವುದೂ ಇಲ್ಲ. ಹಾಗಾಗಿ ಒಳಗಿರುವ ಸ್ಟಿಕ್‌ನ ಎರಡೂ ಪಕ್ಕದ ಲಾಕ್‌ಗಳನ್ನು ಹೊರಕ್ಕೆ ಸರಿಸಿ. ಸ್ಟಿಕ್ ತಾನೇ ಮೇಲೆದ್ದು ನಿಲ್ಲುತ್ತದೆ. ಅದನ್ನು ಅಂಚು ಹಿಡಿದು ಎಳೆದುಕೊಳ್ಳಿ, ಅದರ ಮೇಲೆ ಅಂಟಿಸಿದ ಚೀಟಿಯ (ಲೇಬಲ್) ಫೋಟೊ ಸ್ಪಷ್ಟವಾಗಿ ತೆಗೆಯಿರಿ. ಸಾಧ್ಯವಾದರೆ ಆ ಸ್ಟಿಕ್ಕನ್ನೇ ಅಂಗಡಿಗೆ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಹಾಕಬೇಡಿ, ಸ್ಥಿರ ವಿದ್ಯುತ್ ಕೂಡುತ್ತದೆ. ಆ್ಯಂಟಿಸ್ಟ್ಯಾಟಿಕ್ ಕವರ್ ಇಲ್ಲದಿದ್ದರೆ ಕಾಗದದಲ್ಲಿ ಸುತ್ತಿಕೊಳ್ಳಿ.

ಚೀಟಿ ಮೇಲೆ ‘4ಜಿಬಿ 1ಆರ್×8 ಪಿಸಿ3ಎಲ್-12800ಎಸ್’ ಎಂಬಂಥ ಒಂದು ಸಾಲು ಇರುತ್ತದೆ. ಅದರಲ್ಲಿ ‘4ಜಿಬಿ’ ಗಾತ್ರ, ‘1ಆರ್×8’ ಚಿಪ್‌ಗಳ ಜೋಡಣೆ. ಉಳಿದದ್ದನ್ನು ಒಂದೊಂದಾಗಿ ನೋಡೋಣ.

‘ಪಿಸಿ3’ ಎಂದರೆ ಡಿಡಿಆರ್3, ಅಂದರೆ ಸ್ಟಿಕ್ ಯಾವ ಪೀಳಿಗೆಯದು ಎಂಬ ಗುರುತು. ‘ಪಿಸಿ4’ ಇದ್ದರೆ ಡಿಡಿಆರ್4. ಡಿಡಿಆರ್3 ಸ್ಟಿಕ್‌ಗೆ 204 ಪಿನ್, ಡಿಡಿಆರ್4ಕ್ಕೆ 260 ಪಿನ್, ನಡುವಿನ ಕಚ್ಚಿನ ಜಾಗವೂ ಬೇರೆ. ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದೇ ಇಲ್ಲ. ಕೂರದಿದ್ದರೆ ಜೋರು ಮಾಡಬೇಡಿ, ಸ್ಲಾಟ್ ಮುರಿದರೆ ಮದರ್‌ಬೋರ್ಡ್ ಕೆಲಸ ಬೀಳುತ್ತದೆ.

ಮುಂದಿನ ‘ಎಲ್’ ಅಕ್ಷರದ ಮೇಲೆ ಬೆರಳಿಟ್ಟು ಓದಿ. ಸಾದಾ ಡಿಡಿಆರ್3 ಓಡುವುದು 1.5 ವೋಲ್ಟ್‌ನಲ್ಲಿ. ಡಿಡಿಆರ್3ಎಲ್ ಓಡುವುದು 1.35 ವೋಲ್ಟ್‌ನಲ್ಲಿ. ಮೋಸ ಆಗುವುದು ಎಲ್ಲಿ ಅಂದರೆ, ಇವೆರಡರ ಪಿನ್ ಸಂಖ್ಯೆಯೂ ಒಂದೇ, ಕಚ್ಚೂ ಒಂದೇ. 1.5 ವೋಲ್ಟ್‌ನ ಸ್ಟಿಕ್ 1.35 ವೋಲ್ಟ್‌ನ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಕೂರುತ್ತದೆ, ಲಾಕ್ ‘ಟಕ್’ ಅನ್ನುತ್ತದೆ, ಆದರೆ ಲ್ಯಾಪ್‌ಟಾಪ್ ಏಳುವುದಿಲ್ಲ. ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು. ಮದರ್‌ಬೋರ್ಡೇ ಹೋಯಿತು ಅಂತ ಹೆದರಿ ರಿಪೇರಿಗೆ ಕೊಟ್ಟವರನ್ನು ಕಂಡಿದ್ದೇನೆ.

ಇಂಟೆಲ್‌ನ ನಾಲ್ಕನೇ ಜನರೇಶನ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು 2013ರಲ್ಲಿ ಬಂದವು. ಅಲ್ಲಿಂದ ಈಚೆಗೆ ಡಿಡಿಆರ್3 ಸ್ಲಾಟ್ ಇರುವ ಲ್ಯಾಪ್‌ಟಾಪ್‌ಗೆ ‘ಎಲ್’ ಇರುವುದೇ ಬೇಕು. ಪ್ರೊಸೆಸರ್ ಹೆಸರಲ್ಲೇ ಜನರೇಶನ್ ಇರುತ್ತದೆ: ಐ5-4300ಯು ಎಂದರೆ ನಾಲ್ಕನೆಯದು, ಐ5-8250ಯು ಎಂದರೆ ಎಂಟನೆಯದು. ಎರಡು, ಮೂರನೇ ಜನರೇಶನ್‌ನವು 1.5 ವೋಲ್ಟ್‌ನವು, ಆದರೆ ಡಿಡಿಆರ್3ಎಲ್ ಸ್ಟಿಕ್ ಸಾಮಾನ್ಯವಾಗಿ ಎರಡೂ ವೋಲ್ಟೇಜ್‌ನಲ್ಲಿ ಓಡುತ್ತದೆ. ಹಾಗಾಗಿ ಡಿಡಿಆರ್3 ಕಾಲದ ಲ್ಯಾಪ್‌ಟಾಪ್ ಯಾವುದೇ ಇರಲಿ, ಕೇಳುವಾಗ ಡಿಡಿಆರ್3ಎಲ್ ಅಂತಲೇ ಕೇಳಿ. ಆರು, ಏಳನೇ ಜನರೇಶನ್‌ನಲ್ಲಿ ಕೆಲವಕ್ಕೆ ಡಿಡಿಆರ್3ಎಲ್, ಕೆಲವಕ್ಕೆ ಡಿಡಿಆರ್4 ಇದೆ. ಅಲ್ಲಿ ಪ್ರೊಸೆಸರ್ ನೋಡಿ ಊಹೆ ಮಾಡುವಂತಿಲ್ಲ, ಸ್ಟಿಕ್ ನೋಡಲೇಬೇಕು.

ಸ್ಯಾಮ್‌ಸಂಗ್ ಸ್ಟಿಕ್ ಆದರೆ ಇನ್ನೊಂದು ಗುರುತಿದೆ. ಅದರ ಪಾರ್ಟ್ ನಂಬರ್ ಕೊನೆಯಲ್ಲಿ ‘ವೈಕೆ0’ ಇದ್ದರೆ 1.35 ವೋಲ್ಟ್, ‘ಸಿಕೆ0’ ಇದ್ದರೆ 1.5 ವೋಲ್ಟ್. ಅಂಗಡಿಯವರು ಏನೇ ಹೇಳಲಿ, ಈ ಮೂರು ಅಕ್ಷರ ನೋಡಿ ಮಾತಾಡಿ.

12800 ಎಂಬುದು ವೇಗದ ಗುರುತು, ಅಂಗಡಿಯಲ್ಲಿ 1600 ಅನ್ನುವುದು ಇದನ್ನೇ. 10600 ಅಂದರೆ 1333. ಡಿಡಿಆರ್4ನಲ್ಲಿ 2400, 2666, 3200 ಅಂತ ನೇರವಾಗಿ ಬರೆದಿರುತ್ತಾರೆ. ವೇಗ ಜಾಸ್ತಿ ಇರುವ ಸ್ಟಿಕ್ ಹಾಕಿದರೂ ಅದು ಲ್ಯಾಪ್‌ಟಾಪ್‌ನ ವೇಗಕ್ಕೇ ಇಳಿದು ಓಡುತ್ತದೆ. ಹಾಗಾಗಿ ವೇಗಕ್ಕೆಂದು ಹೆಚ್ಚು ದುಡ್ಡು ಕೊಡಬೇಡಿ.

ಕೊನೆಯ ‘ಎಸ್’ ಲ್ಯಾಪ್‌ಟಾಪ್ ಅಳತೆಯ ಗುರುತು. ‘ಯು’ ಇದ್ದರೆ ಡೆಸ್ಕ್‌ಟಾಪ್‌ನದ್ದು. ಅದು ಎರಡು ಪಟ್ಟು ಉದ್ದ ಇರುವುದರಿಂದ ಅಂಗಡಿಯಲ್ಲೇ ಗೊತ್ತಾಗುತ್ತದೆ, ಆನ್‌ಲೈನ್‌ನಲ್ಲಿ ತರಿಸುವವರು ಹುಷಾರಾಗಿರಿ.

ಹಂತ 4: ಎಷ್ಟು ಜಿಬಿ?

ನುಡಿ, ಎಕ್ಸೆಲ್, ಬ್ರೌಸರ್, ಟ್ಯಾಲಿ, ಆನ್‌ಲೈನ್ ಕ್ಲಾಸ್‌ಗೆ ಒಟ್ಟು 8 ಜಿಬಿ ಸಾಕು. ಫೋಟೊಶಾಪ್, ಕೋರಲ್‌ಡ್ರಾ ಎರಡನ್ನೂ ಒಟ್ಟಿಗೆ ತೆರೆದಿಡುವ ಡಿಟಿಪಿಯವರಿಗೆ, ಆ್ಯಂಡ್ರಾಯ್ಡ್ ಸ್ಟುಡಿಯೊ ಓಡಿಸುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ 16 ಜಿಬಿ ಬೇಕು.

ಹಳೆ ಸ್ಟಿಕ್ ಬಿಸಾಡಬೇಡಿ. 4 ಜಿಬಿ ಪಕ್ಕದಲ್ಲಿ ಖಾಲಿ ಸ್ಲಾಟ್ ಇದ್ದರೆ 8 ಜಿಬಿ ಸ್ಟಿಕ್ ಒಂದನ್ನೇ ತಂದು 12 ಜಿಬಿ ಮಾಡಿಕೊಳ್ಳಿ. ‘ಜೋಡಿ ಒಂದೇ ಇರಬೇಕು’ ಅಂತ ಎರಡು ಹೊಸದು ಮಾರಲು ನೋಡುತ್ತಾರೆ. ಒಂದೇ ಅಳತೆಯ ಜೋಡಿ ಸ್ವಲ್ಪ ಚುರುಕು ನಿಜ, ಅದರ ಲಾಭ ಕಾಣುವುದು ಮುಖ್ಯವಾಗಿ ಗೇಮ್ಸ್, ಗ್ರಾಫಿಕ್ಸ್‌ನಲ್ಲಿ. ಓದುವ ಮಕ್ಕಳಿಗೆ ಅದರ ಅಗತ್ಯ ಇಲ್ಲ.

ಇಂಟೆಲ್ ಮೊದಲನೇ ಜನರೇಶನ್ ಲ್ಯಾಪ್‌ಟಾಪ್ ಆದರೆ 8 ಜಿಬಿಯ ಒಂಟಿ ಸ್ಟಿಕ್ ಅದರಲ್ಲಿ ನಡೆಯುವುದಿಲ್ಲ, 4 ಜಿಬಿಯ ಎರಡು ಬೇಕು. ಅಷ್ಟು ಹಳೆಯದಕ್ಕೆ ದುಡ್ಡು ಹಾಕುವುದೇ ಬೇಡ ಅನ್ನುವುದು ನನ್ನ ಸಲಹೆ.

ಹಂತ 5: ಕೊಳ್ಳುವುದು

2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಬಹಳ ಏರಿದೆ. ಎಐ ಸರ್ವರ್‌ಗಳಿಗೆ ಬೇಕಾದ ಮೆಮೊರಿಯ ಕಡೆಗೆ ಕಾರ್ಖಾನೆಗಳು ತಿರುಗಿದ್ದೇ ಕಾರಣ. ಕ್ರೂಶಿಯಲ್ ಹೆಸರಿನ ರ‍್ಯಾಮ್ ಮಾಡುತ್ತಿದ್ದ ಮೈಕ್ರಾನ್ ಕಂಪನಿ ಆ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಹಾಗಾಗಿ ಹೋದ ವರ್ಷ ಗೆಳೆಯ ಕೊಟ್ಟ ರೇಟು ಹಿಡಿದು ಚೌಕಾಸಿ ಮಾಡಿದರೆ ನಡೆಯುವುದಿಲ್ಲ. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆ ಸುತ್ತಮುತ್ತಲ ಮೂರು ಅಂಗಡಿಯಲ್ಲಾದರೂ ಅದೇ ದಿನದ ರೇಟು ಕೇಳಿ. ಧಾರವಾಡದವರು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಬಂದು ಹೋದರೂ ನಷ್ಟ ಇಲ್ಲ.

ಹಳೆ ಲ್ಯಾಪ್‌ಟಾಪ್‌ಗೆ ಬಳಸಿದ ರ‍್ಯಾಮ್ ಕೊಳ್ಳಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ರ‍್ಯಾಮ್‌ನಲ್ಲಿ ತಿರುಗುವ, ಸವೆಯುವ ಭಾಗ ಯಾವುದೂ ಇಲ್ಲ. ಹೆಸರೇ ಕೇಳದ ಬ್ರ್ಯಾಂಡ್‌ನ ಹೊಚ್ಚ ಹೊಸ ಸ್ಟಿಕ್‌ಗಿಂತ ಕಂಪನಿ ಲ್ಯಾಪ್‌ಟಾಪ್‌ನಿಂದ ತೆಗೆದ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಸ್ಟಿಕ್ ಎಷ್ಟೋ ಮೇಲು. ಕೊಳ್ಳುವಾಗ ಸ್ಟಿಕ್ಕನ್ನು ಬೆಳಕಿಗೆ ಹಿಡಿದು ನೋಡಿ. ಎಲ್ಲ ಚಿಪ್‌ಗಳ ಮೇಲೂ ಒಂದೇ ಹೆಸರು, ಒಂದೇ ನಂಬರ್ ಇರಬೇಕು. ಒಂದು ಚೀಟಿಯ ಮೇಲೆ ಇನ್ನೊಂದು ಅಂಟಿಸಿದ್ದರೆ, ಚಿಪ್ ಮೇಲಿನ ಬರಹ ಉಜ್ಜಿದಂತಿದ್ದರೆ ಬಿಟ್ಟುಬಿಡಿ. ‘ಚೆಕಿಂಗ್ ವಾರಂಟಿ’ ಅಂತ ಬಾಯಿಮಾತಿನಲ್ಲಿ ಹೇಳಿದರೆ ಒಪ್ಪಬೇಡಿ. ಕನಿಷ್ಠ ಏಳು ದಿನ ಬದಲಾಯಿಸಿ ಕೊಡುತ್ತೇವೆ ಅಂತ ಬಿಲ್ ಮೇಲೆ ಬರೆಸಿಕೊಳ್ಳಿ, ಸ್ಟಿಕ್‌ನ ಸೀರಿಯಲ್ ನಂಬರ್ ಸಮೇತ.

ಹಂತ 6: ಕೂರಿಸುವುದು

ಕಬ್ಬಿಣದ ಕಿಟಕಿ ಸರಳನ್ನೋ ನಲ್ಲಿಯನ್ನೋ ಒಮ್ಮೆ ಮುಟ್ಟಿ ಕೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಬಳಸಿದ ಸ್ಟಿಕ್ ಆದರೆ ಬಂಗಾರ ಬಣ್ಣದ ಪಿನ್‌ಗಳನ್ನು ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಚೂರುಗಳನ್ನು ಬ್ರಷ್‌ನಿಂದ ಕೊಡವಿ. ಕಚ್ಚು ಹೊಂದಿಸಿ ಸ್ಟಿಕ್ಕನ್ನು ಓರೆಯಾಗಿ ಸ್ಲಾಟ್‌ಗೆ ತೂರಿಸಿ. ಪಿನ್‌ಗಳು ಹೆಚ್ಚುಕಮ್ಮಿ ಪೂರ್ತಿ ಒಳಗೆ ಹೋದ ಮೇಲೇ ಕೆಳಕ್ಕೆ ಒತ್ತಿ. ಅರ್ಧ ಹೊರಗಿರುವಾಗಲೇ ಒತ್ತಿದರೆ ಲಾಕ್ ಮುರಿಯುತ್ತದೆ.

ಬ್ಯಾಟರಿ ಜೋಡಿಸಿ ಆನ್ ಮಾಡಿ. ಮೊದಲ ಸಲ ಒಂದು ನಿಮಿಷ ಸ್ಕ್ರೀನ್ ಕಪ್ಪಾಗಿದ್ದರೂ ಗಾಬರಿ ಬೇಡ, ಹೊಸ ಮೆಮೊರಿಯನ್ನು ಗುರುತಿಸಿಕೊಳ್ಳುತ್ತಿರುತ್ತದೆ. ಆಮೇಲೂ ಏಳದಿದ್ದರೆ ಹೊಸ ಸ್ಟಿಕ್ ಒಂದನ್ನೇ ಹಾಕಿ ನೋಡಿ, ನಂತರ ಸ್ಲಾಟ್ ಬದಲಾಯಿಸಿ ನೋಡಿ. ಹಳೆಯದು ಓಡಿ ಹೊಸದು ಎರಡೂ ಸ್ಲಾಟ್‌ನಲ್ಲಿ ಓಡದಿದ್ದರೆ ವಾಪಸ್ ಒಯ್ಯಿರಿ.

ಎದ್ದರೂ ಕೆಲಸ ಮುಗಿದಿಲ್ಲ. ಸ್ಟಾರ್ಟ್‌ನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಹುಡುಕಿ ಓಡಿಸಿ. ಇನ್ನೂ ಗಟ್ಟಿ ಪರೀಕ್ಷೆ ಬೇಕಿದ್ದರೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ರಾತ್ರಿ ಓಡಲು ಬಿಡಿ. ಅದರಲ್ಲಿ ಒಂದು ಎರರ್ ಕಂಡರೂ ಫೋಟೊ ತೆಗೆದುಕೊಂಡು, ಬಿಲ್ ಹಿಡಿದು, ಆ ಏಳು ದಿನದೊಳಗೆ ಅಂಗಡಿಗೆ ಹೋಗಿ ಬದಲಾಯಿಸಿಕೊಳ್ಳಿ.