300 ಕಾಪಿ, ಅದೂ ಕಾಫಿ ದುಡ್ಡು ಬರೋ ಹೊತ್ತಿಗೆ: ನನ್ನ ಮೊದಲ ಪುಸ್ತಕ ಹೊರಗೆ ಬಂದ ಕಥೆ

ಲೈನ್ ಮನೆ ಅಂದ್ರೆ ಕಾಫಿ ತೋಟದ ಕೆಲಸಗಾರರ ಸಾಲುಮನೆ, ಅಲ್ಲಿನ ಕಥೆಗಳನ್ನ ಸ್ವಂತಕ್ಕೇ ಪುಸ್ತಕ ಮಾಡಿಸ್ತೀನಿ ಅಂದಾಗ ಕೊಡಗಿನ ಸುಂಟಿಕೊಪ್ಪದಲ್ಲಿ ಎಲ್ರೂ ಹೇಳಿದ್ದು ಒಂದೇ, ದುಡ್ಡು ಹೋಗುತ್ತೆ, ಕಟ್ಟುಗಳು ಅಟ್ಟದ ಮೇಲೇ ಉಳಿಯುತ್ತೆ ಅಂತ. ಇಂಗ್ಲಿಷಲ್ಲಿ ಬರೆಯೋ ಫ್ರೆಂಡ್ ಒಬ್ಬ, ಲೇಖಕರ ಪರವಾಗಿ ಪ್ರಕಾಶಕರನ್ನ ಹುಡುಕೋ ಏಜೆಂಟ್ ಹಿಡಿ ಅಂದ, ಕನ್ನಡದಲ್ಲಿ ಏಜೆಂಟ್ ಎಲ್ಲಿ, ನಾವು ನೇರ ಪ್ರಕಾಶಕರಿಗೇ ಕಳಿಸೋದು. ನಾನೂ 3 ಕಡೆ ಕಳಿಸಿದೆ. ಎರಡು ಕಡೆ ಉತ್ತರವೇ ಇಲ್ಲ, ಮೂರನೆಯವರು ಅರ್ಧ ಖರ್ಚು ನೀವು ಹಾಕಿ ಅಂತ 20 ಸಾವಿರ ತಗೊಂಡು ಒಂದೂವರೆ ವರ್ಷ ಓಡಾಡಿಸಿ ಕೊನೆಗೆ 12 ಸಾವಿರ ವಾಪಸ್ ಕೊಟ್ರು. ಆ 8 ಸಾವಿರದ ಸಂಕಟ ಇವತ್ತಿಗೂ ಹೋಗಿಲ್ಲ.

ಆಮೇಲೆ ನಾನೇ ಇಳಿದೆ. ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರ್) ಕೊಡಿಸ್ತೀವಿ ಅಂತ ದುಡ್ಡು ಕೇಳೋರಿಗೆ ಕೊಡಬೇಡಿ, ರಾಜಾ ರಾಮಮೋಹನ್ ರಾಯ್ ಐಎಸ್‌ಬಿಎನ್ ಏಜೆನ್ಸಿಯ ಪೋರ್ಟಲಲ್ಲಿ ಲೇಖಕರೇ ಅರ್ಜಿ ಹಾಕಬಹುದು, ಅದು ಫ್ರೀ. ಪುಟ ಜೋಡಿಸೋ ಡಿಟಿಪಿಯವರು ನನ್ನ ಯುನಿಕೋಡ್ ಅಕ್ಷರಗಳನ್ನ ನುಡಿ ಫಾಂಟಿಗೆ ಬದಲಾಯಿಸಿದಾಗ ಅರ್ಕಾವತ್ತು, ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ. ಸ್ಕ್ರೀನಲ್ಲಿ ಎಷ್ಟು ಓದಿದ್ರೂ ಕಣ್ಣಿಗೆ ಬೀಳಲ್ಲ, ಡಿಜಿಟಲ್ ಪ್ರಿಂಟಲ್ಲಿ 5 ಕಾಪಿ ತೆಗೆಸಿದೆ, ಒಂದಕ್ಕೆ ಸುಮಾರು 250 ಬಿತ್ತು, ಆದ್ರೆ 60ಕ್ಕೂ ಹೆಚ್ಚು ತಪ್ಪು ಸಿಕ್ತು.

ದೊಡ್ಡ ಪೆಟ್ಟು ಮಳೇದು. ಮೊದಲು 100 ಕಾಪಿ ಜುಲೈಯಲ್ಲಿ ತರಿಸಿದ್ದೆ. ಕವರಿನ ಹೊರಗೆ ಲ್ಯಾಮಿನೇಷನ್, ಒಳಗೆ ಬರೀ ಕಾಗದ, ನಮ್ಮ ಶೀತಕ್ಕೆ ಒಳಮೈ ಹಿಗ್ಗುತ್ತೆ ಹೊರಮೈ ಹಿಗ್ಗಲ್ಲ, ಹಂಗಾಗಿ ಕವರ್ ಎಲ್ಲಾ ಹೊರಕ್ಕೆ ಸುರುಳಿ ಸುತ್ಕೊಂಡು, ಒಳಪುಟಕ್ಕೆ ಬೂಷ್ಟು ಹಿಡಿದು 40 ಕಾಪಿ ಹೋಯ್ತು. ಈಗ ಕವರ್ ಕಾಗದದ ನಾರು ಬೆನ್ನಿನ ಉದ್ದಕ್ಕೇ ಬರೋ ಹಾಗೆ ಕತ್ತರಿಸಿ ಅಂತ ಪ್ರೆಸ್‌ನವರಿಗೆ ಬರೆದೇ ಕೊಡ್ತೀನಿ. ಅವರ ಹತ್ರ ರೇಟ್ ಹೇಗೆ ಇಳಿಸಿದೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ಗೆದ್ದಿದ್ದು ಟೈಮಿಂಗಲ್ಲಿ. ಸೆಪ್ಟೆಂಬರಲ್ಲಿ ಬರೋ ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್ ಹೊತ್ತಲ್ಲಿ, ಮುಂದಿನ 300 ಕಾಪಿಗೆ ಮುಂಗಡ ಕೇಳಿದಾಗ 17 ಜನ ಕೊಟ್ರು. ಅದನ್ನೇ ಕುಯ್ಲು ಮುಗಿದು ಕಾಫಿ ಮಾರಿ ಕೈಗೆ ದುಡ್ಡು ಬಂದಿರೋ ಫೆಬ್ರವರಿಯಲ್ಲಿ ವಾಟ್ಸಾಪಲ್ಲಿ ಕೇಳಿದ್ರೆ 140 ಜನ ತಲಾ 150 ಕಳಿಸಿದ್ರು, ಅಂದ್ರೆ 21 ಸಾವಿರ, 300 ಕಾಪಿ ಮುದ್ರಣಕ್ಕೆ ಆಗಿದ್ದೇ 24 ಸಾವಿರ ಚಿಲ್ಲರೆ. ಪುಸ್ತಕದ ಅಳತೆ ಡೆಮಿ 1/8, 144 ಪುಟ, ಕಾಗದ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಕದ್ದು). ಸಾಲ ಮಾಡದೆ ಪುಸ್ತಕ ತಂದೆ ಅನ್ನೋ ಹೆಮ್ಮೆ ನನಗಿದೆ. ಅಂಗಡಿಯವರಿಗೆ 40 ಪರ್ಸೆಂಟ್ ಬಿಡಬೇಕು, ಅದಕ್ಕೆ ಕೊಡವರ ಹಾಕಿ ಆಟದ ಹಬ್ಬದ ಮೈದಾನದ ಹತ್ರ ಮೇಜು ಹಾಕಿ ಕೂತೆ, ಎರಡು ದಿನಕ್ಕೆ 60 ಹೋಯ್ತು. ಹೋಂಸ್ಟೇ ರೂಮುಗಳಲ್ಲಿ ಕ್ಯೂಆರ್ ಕೋಡ್ ಅಂಟಿಸಿ 12 ಇಟ್ಟು ನೋಡಿದೆ, 3ಕ್ಕೆ ದುಡ್ಡು ಬಂತು, 5 ಕಾಣೆ, ಅದನ್ನ ಬಿಟ್ಟೆ.

ಈಗ ಮನೇಲಿ ಉಳಿದಿರೋದು 11. ಎರಡನೇ ಮುದ್ರಣ 200, ಮುಂಗಡ ಫೆಬ್ರವರಿಯಲ್ಲೇ ಕೇಳ್ತೀನಿ, ಮಳೆಗಾಲಕ್ಕೆ ಉಳಿದ ಕಟ್ಟುಗಳು ಮೈಸೂರಲ್ಲಿ ಅಕ್ಕನ ಮನೇಲಿರುತ್ತೆ.