ಪಂಪ್ ಬದಲಿಸದೆ ಒತ್ತಡ ತಂದ ಕಥೆ: ನನ್ನ ಅನುಭವ

"ದೊಡ್ಡ ಪಂಪ್ ಹಾಕದೆ ಇದು ಸರಿಹೋಗುವುದಿಲ್ಲ." ಒತ್ತಡ ಸಾಲದೆ ಸೊರಗಿದ್ದ ನನ್ನ ಹುಲ್ಲುಹಾಸಿನ ಸ್ವಯಂಚಾಲಿತ ನೀರಾವರಿ ನೋಡಲು ಬಂದವರೆಲ್ಲ ಹೋಗುವಾಗ ಹೇಳಿದ್ದು ಇದೊಂದೇ ಮಾತು. ಹಳೆಯ ಪಂಪ್ ಇಂದಿಗೂ ಅದೇ ಜಾಗದಲ್ಲಿದೆ. ಕೊನೆಯ ಸ್ಪ್ರಿಂಕ್ಲರ್‌ನಲ್ಲಿ ಈಗ ಎರಡು ಬಾರ್ ಒತ್ತಡ ನಿಲ್ಲುತ್ತದೆ. ಹಾಗಾಗಿ ಇದನ್ನು ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮೊದಲ ತಪ್ಪು ಬಕೆಟ್‌ನದು, ಅಂದರೆ ನನ್ನದೇ. ಪಂಪ್‌ನ ಬಾಯಿಗೆ 20 ಲೀಟರ್ ಬಕೆಟ್ ಹಿಡಿದೆ, ಹದಿನೇಳು ಸೆಕೆಂಡಿಗೆ ತುಂಬಿತು. ನಿಮಿಷಕ್ಕೆ 70 ಲೀಟರ್ ಎಂದು ಹಿಗ್ಗಿದೆ. ಅರ್ಧವೃತ್ತಕ್ಕೆ ನೀರು ಚಿಮ್ಮಿಸುವ ಒಂದು ಸ್ಪ್ರೇ ಸ್ಪ್ರಿಂಕ್ಲರ್ ನಿಮಿಷಕ್ಕೆ ಏಳು ಲೀಟರ್ ಕೇಳುತ್ತದೆ. ಒಂದು ವಾಲ್ವ್‌ಗೆ ಒಂಬತ್ತು ಜೋಡಿಸಿದರೆ 63, ಇನ್ನೂ ಏಳು ಲೀಟರ್ ಉಳಿತಾಯ! ತೆರೆದ ಬಾಯಿಯಲ್ಲಿ ಸುರಿಯುವ ನೀರಿಗೆ ಒತ್ತಡವೇ ಇರುವುದಿಲ್ಲ ಎಂಬುದು ಕಾಗದದ ಮೇಲೆ ನನಗೂ ಗೊತ್ತಿತ್ತು. ಗೇಟ್ ವಾಲ್ವ್ ತಿರುಗಿಸಿ, ಒತ್ತಡ ತೋರಿಸುವ ಗೇಜನ್ನು ಎರಡೂವರೆ ಬಾರ್‌ಗೆ ತಂದು ಮತ್ತೆ ಬಕೆಟ್ ಹಿಡಿದಾಗ ಬಂದದ್ದು 40 ಲೀಟರ್ ಮಾತ್ರ. ಅಷ್ಟರಲ್ಲಿ ಐದು ವಲಯಗಳಿಗೂ (ಒಂದು ವಾಲ್ವ್‌ನಡಿ ಬರುವುದೆಲ್ಲ ಒಂದು ವಲಯ) ಪೈಪ್ ಹೂತು ಮಣ್ಣು ಮುಚ್ಚಿಯಾಗಿತ್ತು.

ಫಲ ನೀವು ಊಹಿಸಿರುತ್ತೀರಿ. ನೀರಿನ ಒತ್ತಡಕ್ಕೆ ನೆಲದಿಂದ ಮೇಲೇಳಬೇಕಾದ ಕೊನೆಯ ಮೂರು ಸ್ಪ್ರಿಂಕ್ಲರ್‌ಗಳು ಅರ್ಧ ಎದ್ದು, ಕುತ್ತಿಗೆಯ ಸುತ್ತ ನೀರು ಸೋರಿಸುತ್ತಾ ನಿಂತವು. ಹುಲ್ಲುಹಾಸಿನ ಅಂಚು ಒಣಗಿತು.

ಅಲ್ಲಿಂದ ಗೇಜ್ ಹಿಡಿದುಕೊಂಡು ಪೈಪಿನ ಉದ್ದಕ್ಕೂ ಅಲೆದೆ. ಅಳೆದದ್ದು ನೀರು ಹರಿಯುತ್ತಿರುವಾಗ. ನಿಂತ ನೀರಿನ ಒತ್ತಡ ನೋಡಿ ಸಮಾಧಾನಪಟ್ಟುಕೊಳ್ಳುವವರು ದಯವಿಟ್ಟು ಇದನ್ನು ಗಮನಿಸಿ. ಪಂಪ್ ಬಳಿ 2.1 ಬಾರ್, ಕೊನೆಯ ಸ್ಪ್ರಿಂಕ್ಲರ್‌ನಲ್ಲಿ ಒಂದು ಬಾರ್‌ಗೆ ತುಸು ಕಡಿಮೆ. ನಡುವೆ ನುಂಗಿದ್ದು ಯಾರು? ಸುಮಾರು 60 ಮೀಟರ್ ಉದ್ದದ ಒಂದಿಂಚಿನ ಮುಖ್ಯ ಪೈಪ್ ಅರ್ಧ ಬಾರ್, ವಿದ್ಯುತ್ತಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್ ಕಾಲು ಬಾರ್, ಉಳಿದದ್ದು ಕವಲು ಪೈಪುಗಳು ಮತ್ತು ನಾನು ಧಾರಾಳವಾಗಿ ಬಳಸಿದ ಎಲ್ಬೋಗಳು, ಅಂದರೆ ಪೈಪಿನ ತಿರುವಿನ ಜೋಡಣೆಗಳು. ಸಮತಟ್ಟಾದ ಜಾಗ, ಆದ್ದರಿಂದ ಏರಿಳಿತದ ಮೇಲೆ ದೂರು ಹಾಕುವಂತಿರಲಿಲ್ಲ.

ಇದೇ ಪೈಪಿಗೆ ದೊಡ್ಡ ಪಂಪ್ ಹಾಕಿದ್ದರೆ? ಹರಿವು ಕಾಲುಭಾಗ ಹೆಚ್ಚಿದರೆ ಘರ್ಷಣೆಯ ನಷ್ಟ ಒಂದೂವರೆ ಪಟ್ಟಾಗುತ್ತದೆ. ಹೊಸ ಪಂಪ್ ದುಡಿದದ್ದರಲ್ಲಿ ಒಳ್ಳೆಯ ಪಾಲು ಪೈಪಿನ ಗೋಡೆಗೇ ಹೋಗುತ್ತಿತ್ತು, ವಿದ್ಯುತ್ ಬಿಲ್ಲು ಮಾತ್ರ ಪ್ರತಿ ತಿಂಗಳೂ ತಪ್ಪದೆ ಬರುತ್ತಿತ್ತು. ನಾನು ಮುಖ್ಯ ಪೈಪನ್ನು ಅಗೆದು ಒಂದೂವರೆ ಇಂಚಿನದು ಹಾಕಿದೆ. ಅಷ್ಟೇ ಹರಿವಿಗೆ ನಷ್ಟ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಪ್ರತಿ ವಲಯಕ್ಕೆ ಒಂಬತ್ತರ ಬದಲು ಆರು ಸ್ಪ್ರೇ. ಐದು ವಲಯ ಎಂಟಾಯಿತು, ಅಂದರೆ ಹೆಚ್ಚುವರಿ ಮೂರು ವಾಲ್ವ್. ಎಲ್ಲ ಸೇರಿ ದೊಡ್ಡ ಪಂಪ್‌ನ ಬೆಲೆಯ ಅರ್ಧಕ್ಕಿಂತ ತುಸು ಹೆಚ್ಚಾಗಿರಬಹುದು. ಅಗೆದದ್ದು ನಾನೇ, ಆ ಕೂಲಿಯನ್ನು ಲೆಕ್ಕಕ್ಕೆ ಸೇರಿಸಿಲ್ಲ. ಸರದಿ ಮುಗಿಯಲು ಈಗ ಹೆಚ್ಚು ಹೊತ್ತು ಬೇಕು, ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಕಂಟ್ರೋಲರನ್ನು ಇನ್ನಷ್ಟು ನಸುಕಿಗೇ ಎಬ್ಬಿಸುತ್ತೇನೆ.

ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ವಾಲ್ವ್ ಮುಚ್ಚಿದಾಗಲೆಲ್ಲ ಪೈಪಿನಲ್ಲಿ ಢಬ್ಬೆಂದು ಸದ್ದಾಗುತ್ತಿತ್ತು. ಆ ಹೊಡೆತಕ್ಕೆ ಒಂದು ಎಲ್ಬೋ ಸೀಳಿಯೂ ಇತ್ತು. ದಪ್ಪ ಪೈಪಿನಲ್ಲಿ ನೀರಿನ ವೇಗ ಇಳಿದ ಮೇಲೆ ಸದ್ದು ನಿಂತಿತು.

ಹಣ ಕಳೆದುಕೊಂಡದ್ದು ಬೇರೆ ಕಡೆ. ಒಂದು ರಾತ್ರಿ ಮೂರನೆಯ ವಲಯ ಮುಚ್ಚಲೇ ಇಲ್ಲ, ಬೆಳಗ್ಗೆ ಹುಲ್ಲಿನ ಮೇಲೆ ಕೆರೆ. ಕಂಟ್ರೋಲರ್ ಕೆಟ್ಟಿದೆ ಎಂದು ನಿರ್ಧರಿಸಿ ಹೊಸದನ್ನೇ ತಂದೆ. ಹೊಸದರಲ್ಲೂ ಅದೇ ಕಥೆ. ಕೊನೆಗೆ ವಾಲ್ವ್ ಬಿಚ್ಚಿದಾಗ, ನೀರಿನ ದಾರಿ ತೆರೆದು ಮುಚ್ಚುವ ರಬ್ಬರ್ ಪೊರೆಯಾದ ಡಯಾಫ್ರಾಮ್‌ನ ಸಣ್ಣ ರಂಧ್ರದಲ್ಲಿ ಒಂದೇ ಒಂದು ಮರಳಿನ ಕಣ. ಆ ರಂಧ್ರದಿಂದ ನೀರು ಮೇಲಿನ ಕೋಣೆಗೆ ತುಂಬಿದರೆ ತಾನೆ ಡಯಾಫ್ರಾಮ್ ಕೆಳಗೆ ಕೂರುವುದು! ಫಿಲ್ಟರ್ ಇತ್ತು, ಆದರೆ ಡ್ರಿಪ್ ಸಾಲಿಗಷ್ಟೇ, ಅದೂ ವಾಲ್ವ್ ದಾಟಿದ ಮೇಲೆ. ಈಗ ಎಲ್ಲ ವಾಲ್ವ್‌ಗಳಿಗೂ ಮುಂಚೆ ಒಂದಿದೆ. ಬೇಡದ ಕಂಟ್ರೋಲರ್ ಪೆಟ್ಟಿಗೆಯಲ್ಲಿ ಮಲಗಿದೆ.

ಡ್ರಿಪ್ ವಲಯವೂ ಕೆಲವು ವಾರ ಕಾಡಿತು. ನಿಮಿಷಕ್ಕೆ ಮೂರು ಲೀಟರ್ ಹರಿಯುವಲ್ಲಿ ಒಂದಿಂಚಿನ ಸಾಮಾನ್ಯ ವಾಲ್ವ್ ಹಾಕಿದ್ದೆ, ಅದು ಸರಿಯಾಗಿ ಮುಚ್ಚದೆ ತೊಟ್ಟಿಕ್ಕುತ್ತಿತ್ತು. ಕಡಿಮೆ ಹರಿವಿಗೆಂದೇ ಮಾಡಿದ ವಾಲ್ವ್ ಹಾಕಿದ ದಿನವೇ ನಿಂತಿತು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಐದು ಮೀಟರ್ ಎತ್ತರದ ತೊಟ್ಟಿಯಿಂದ, ಪಂಪ್ ಇಲ್ಲದೆ, ಡ್ರಿಪ್ ನಡೆಸಲು ಹೊರಟೆ. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಎಂದರೆ ಇಲ್ಲಿ ಸಿಗುವುದು ಅರ್ಧ. ಡ್ರಿಪ್ಪರ್‌ಗಳು ಹೇಗೋ ಒಪ್ಪಿಕೊಂಡವು, ಸೊಲೆನಾಯ್ಡ್ ವಾಲ್ವ್ ಒಪ್ಪಲಿಲ್ಲ. ಡಯಾಫ್ರಾಮ್ ಎತ್ತಲು ಅದಕ್ಕೆ ಒತ್ತಡದ ವ್ಯತ್ಯಾಸ ಬೇಕು. ಮೋಟಾರ್ ಇರುವ ಬಾಲ್ ವಾಲ್ವ್‌ನಲ್ಲಿ ಕೆಲಸ ನಡೆಯಿತು, ಆದರೆ ಅದರ ದುಬಾರಿ ಬೆಲೆ ನೋಡಿ ಕೈಬಿಟ್ಟೆ.

ಕೊನೆಗೆ, ನೀರು ಎಲ್ಲೆಡೆ ಸಮನಾಗಿ ಬೀಳುತ್ತಿದೆಯೇ ಎಂದು ನೋಡಲು, ಒಂದೇ ಅಳತೆಯ ಹದಿನಾರು ಲೋಟಗಳನ್ನು ಹುಲ್ಲಿನ ಮೇಲಿಟ್ಟು ಹದಿನೈದು ನಿಮಿಷ ನೀರು ಬಿಟ್ಟೆ. ಹಿಂದೆ ಅತಿ ಒಣ ಲೋಟದಲ್ಲಿ ಅತಿ ತುಂಬಿದ್ದರ ಮೂರನೆಯ ಒಂದು ಭಾಗ ಮಾತ್ರ ಬೀಳುತ್ತಿತ್ತು, ಈಗ ಮುಕ್ಕಾಲು. ಒಂದು ಮೂಲೆಯ ಲೋಟ ಮಾತ್ರ ಹಟ ಹಿಡಿದಿತ್ತು. ಅಲ್ಲಿ ಯಾವ ನಾಜಲ್ ಹಾಕಿ ಯಾವ ಕೋನಕ್ಕೆ ತಿರುಗಿಸಿದೆ ಎಂಬುದನ್ನು ಹೇಳುವುದಿಲ್ಲ, ಮೂರು ವಾರ ಒದ್ದೆಯಾಗಿ ಕಲಿತದ್ದು ಅದು. ತಿರುಗುತ್ತಾ ನೀರು ಚಿಮ್ಮಿಸುವ ರೋಟರ್‌ಗಳನ್ನು ಸ್ಪ್ರೇ ವಲಯದಿಂದ ಬೇರೆ ಮಾಡಿದ್ದೂ ಇದೇ ಹೊತ್ತಿನಲ್ಲಿ; ಸ್ಪ್ರೇ ಗಂಟೆಗೆ 40 ಮಿ.ಮೀ. ಸುರಿಸುವಾಗ ರೋಟರ್ ಹತ್ತು ಹನ್ನೆರಡು ಸುರಿಸುತ್ತದೆ, ಇಬ್ಬರಿಗೂ ಒಂದೇ ವಾಲ್ವ್ ಕೊಟ್ಟರೆ ಒಬ್ಬರಿಗೆ ಅನ್ಯಾಯ ತಪ್ಪದು.

ದೊಡ್ಡ ಪಂಪ್ ಹಾಕಲು ಹೇಳಿದವರಲ್ಲಿ ಒಬ್ಬರು ಮೊನ್ನೆ ಬಂದು, ಕೊನೆಯ ಸ್ಪ್ರಿಂಕ್ಲರ್ ಪೂರ್ತಿ ಎದ್ದು ನಿಂತದ್ದನ್ನು ನೋಡಿ, ನನ್ನ ಗೇಜನ್ನು ಎರವಲು ಒಯ್ದಿದ್ದಾರೆ. ಇನ್ನೂ ವಾಪಸ್ ಬಂದಿಲ್ಲ.