ಹೊರಗೆ ಹಿಮ ಇರುವಾಗಲೇ ಮನೆಯೊಳಗೆ ತರಕಾರಿ ಸಸಿ ಮಾಡಿಕೊಳ್ಳುವುದು ಹೇಗೆ?

ಚಳಿಗಾಲ ಉದ್ದ ಇರುವ ಕಡೆ ಟೊಮೆಟೊ, ಬದನೆ, ದೊಣ್ಣೆ ಮೆಣಸಿನಕಾಯಿ ಬೀಜವನ್ನು ನೇರವಾಗಿ ನೆಲಕ್ಕೆ ಹಾಕಿ ಕಾಯುತ್ತಾ ಕೂತರೆ, ಗಿಡ ಕಾಯಿ ಬಿಡುವ ಹೊತ್ತಿಗೆ ಮತ್ತೆ ಚಳಿ ಬಂದುಬಿಡುತ್ತದೆ. ಅದಕ್ಕೇ ಹೊರಗೆ ಹಿಮ ಇರುವಾಗಲೇ ಒಳಗೆ ಸಸಿ ಮಾಡಿಕೊಳ್ಳಬೇಕು. ಕಷ್ಟದ ಕೆಲಸ ಏನಲ್ಲ. ಒಂದು ವಿಷಯ ಮಾತ್ರ ಮೊದಲೇ ತಲೆಯಲ್ಲಿರಲಿ: ಬೀಜ ಕೇಳುವುದು ಬಿಸಿ, ಸಸಿ ಕೇಳುವುದು ಬೆಳಕು. ಮೊಳಕೆ ಬಂದ ಮೇಲೂ ಬಿಸಿ ಕೊಡುತ್ತಲೇ ಇದ್ದು ಬೆಳಕಿಗೆ ಜಿಪುಣತನ ಮಾಡಿದರೆ ಸಸಿ ಕೆಟ್ಟಿತು ಅಂತಲೇ ಲೆಕ್ಕ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ನೀವಿರುವ ಕಡೆ ರಾತ್ರಿ ನೀರು ಹೆಪ್ಪುಗಟ್ಟುವಂಥ ಚಳಿ ಸಾಮಾನ್ಯವಾಗಿ ಯಾವ ವಾರಕ್ಕೆ ಮುಗಿಯುತ್ತದೆ ಅಂತ ತಿಳಿದುಕೊಳ್ಳಿ. ಆ ದಿನಕ್ಕೆ ಗುರುತು ಹಾಕಿ ಅಲ್ಲಿಂದ ಹಿಂದಕ್ಕೆ ಎಣಿಸಿ. ಈರುಳ್ಳಿಗೆ 10ರಿಂದ 12 ವಾರ ಮೊದಲು. ದೊಣ್ಣೆ ಮೆಣಸಿನಕಾಯಿ, ಬದನೆಗೆ 8ರಿಂದ 10 ವಾರ. ಟೊಮೆಟೊಗೆ 6ರಿಂದ 8 ವಾರ. ಸೌತೆ, ಕುಂಬಳದ ಜಾತಿಗೆ 3ರಿಂದ 4 ವಾರ ಸಾಕು, ಅವು ಬೇಗ ಬೆಳೆಯುತ್ತವೆ, ಬೇರು ಅಲುಗಿದರೆ ಮುನಿಸಿಕೊಳ್ಳುತ್ತವೆ. ಕ್ಯಾರೆಟ್, ಮೂಲಂಗಿಯನ್ನು ಒಳಗೆ ಹಾಕಲೇಬೇಡಿ, ನೆಲದಲ್ಲೇ ಬಿತ್ತಬೇಕು. ಕಿತ್ತು ನೆಟ್ಟರೆ ಗೆಡ್ಡೆ ಸೊಟ್ಟಗಾಗುತ್ತದೆ.

ಚಳಿ ಜಾಸ್ತಿ ಅಂತ ಒಂದು ತಿಂಗಳು ಮುಂಚೆಯೇ ಬೀಜ ಹಾಕಲು ಕೈ ತುರಿಸುತ್ತದೆ, ಅಲ್ವಾ? ತಡೆದುಕೊಳ್ಳಿ. ಚಿಕ್ಕ ಕುಂಡದಲ್ಲಿ ಬೇರು ಸುತ್ತಿಕೊಂಡು, ಹೂ ಬಿಟ್ಟು, ಸೊರಗಿ ನಿಂತ ದೊಡ್ಡ ಗಿಡಕ್ಕಿಂತ ಒಂದು ಗೇಣಿಗಿಂತ ಚಿಕ್ಕದಾದ ಗಟ್ಟಿ ಸಸಿ ನೆಲಕ್ಕೆ ಹೋದ ಮೇಲೆ ಬೇಗ ಮುಂದೆ ಹೋಗುತ್ತದೆ.

ಬಿತ್ತನೆ

ತೋಟದ ಮಣ್ಣು ಬೇಡ. ಕುಂಡದಲ್ಲಿ ಅದು ಗಟ್ಟಿಯಾಗಿ ಕೂತುಬಿಡುತ್ತದೆ, ಅದರ ಜೊತೆ ರೋಗವೂ ಒಳಗೆ ಬರುತ್ತದೆ. ತೆಂಗಿನ ನಾರಿನ ಪುಡಿ ಅಥವಾ ಪೀಟ್ (ಜೌಗು ನೆಲದಲ್ಲಿ ಕೊಳೆತ ಪಾಚಿಯ ಪುಡಿ) ಜೊತೆ ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಹರಳು) ಸೇರಿಸಿದ ಹಗುರವಾದ ಮಿಶ್ರಣ ಒಳ್ಳೆಯದು. ಅದನ್ನು ಮೊದಲೇ ನೀರು ಹಾಕಿ ಕಲಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ಸುರಿಯಬಾರದು. ಪಾತ್ರೆ ಯಾವುದಾದರೂ ನಡೆಯುತ್ತದೆ, ತಳದಲ್ಲಿ ತೂತು ಇದ್ದರಾಯಿತು. ಹಳೆಯ ಟ್ರೇ ಆದರೆ ಚೆನ್ನಾಗಿ ತೊಳೆದು ಒಣಗಿಸಿ.

ಬೀಜದ ದಪ್ಪದ ಎರಡು ಮೂರು ಪಟ್ಟು ಆಳಕ್ಕೆ ಹಾಕಿ, ಮೇಲೆ ಇದೇ ಮಿಶ್ರಣದ ಮಣ್ಣು ಉದುರಿಸಿ. ಲೆಟಿಸ್‌ನಂಥ ಪುಟ್ಟ ಬೀಜಕ್ಕೆ ಮೊಳಕೆ ಬರಲೂ ಬೆಳಕು ಬೇಕು, ಅದನ್ನು ಸುಮ್ನೆ ಮೇಲೆ ಉದುರಿಸಿ ಒತ್ತಿಬಿಡಿ. ಹೋದ ವರ್ಷಗಳ ಬೀಜ ಉಳಿದಿದ್ದರೆ ಹತ್ತನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತವೆ ನೋಡಿ. ಟೊಮೆಟೊ ಬೀಜ ಕೆಲವು ವರ್ಷ ಬದುಕಿರುತ್ತದೆ, ಈರುಳ್ಳಿ ಬೀಜವನ್ನು ಒಂದು ವರ್ಷ ದಾಟಿದ ಮೇಲೆ ನಂಬಬೇಡಿ. ಟ್ರೇಗೆ ಹೆಸರು, ತಾರೀಖು ಬರೆದ ಚೀಟಿ ಸಿಕ್ಕಿಸಿ. ಕೋಸು ಯಾವುದು, ಹೂಕೋಸು ಯಾವುದು ಅಂತ ಆಮೇಲೆ ಎಲೆ ನೋಡಿ ಹೇಳಲು ಆಗುವುದಿಲ್ಲ.

ಇನ್ನು ಬಿಸಿ. ಟೊಮೆಟೊಗೆ ಮಣ್ಣು 21ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು ಒಂದು ವಾರದಲ್ಲಿ ತಲೆ ಎತ್ತುತ್ತದೆ. ಮೆಣಸಿನಕಾಯಿ ಜಾತಿಗೆ ಇನ್ನೂ ಸ್ವಲ್ಪ ಬಿಸಿ ಇದ್ದರೆ ಒಳ್ಳೆಯದು, ತಾಳ್ಮೆಯೂ ಜಾಸ್ತಿ ಬೇಕು, ಎರಡು ವಾರ ಅಥವಾ ಮೇಲೂ ಹಿಡಿಯಬಹುದು. ಇಲ್ಲಿ ಲೆಕ್ಕಕ್ಕೆ ಬರುವುದು ಕೋಣೆಯ ಬಿಸಿಯಲ್ಲ, ಮಣ್ಣಿನದು. ಕಿಟಕಿ ಕಟ್ಟೆಯ ಮೇಲಿಟ್ಟ ಒದ್ದೆ ಮಣ್ಣು ರಾತ್ರಿ ಕೋಣೆಗಿಂತ ತುಂಬಾ ತಣ್ಣಗಾಗುತ್ತದೆ. ಟ್ರೇ ಕೆಳಗೆ ಹಾಸುವ ಬಿಸಿ ಮ್ಯಾಟ್ ಇದ್ದರೆ ಅನುಕೂಲ. ಇಲ್ಲದಿದ್ದರೆ ಮನೆಯಲ್ಲಿ ಯಾವ ಮೂಲೆ ಸದಾ ಬೆಚ್ಚಗಿರುತ್ತದೋ ಅಲ್ಲಿಡಿ. ತೇವ ಆರದಂತೆ ಮೇಲೆ ಪ್ಲಾಸ್ಟಿಕ್ ಮುಚ್ಚಿ.

ಮೊಳಕೆ ಕಂಡ ದಿನವೇ

ಮುಚ್ಚಳ ತೆಗೆಯಿರಿ, ಮ್ಯಾಟ್ ಆರಿಸಿ, ಟ್ರೇಯನ್ನು ದೀಪದ ಕೆಳಗೆ ತನ್ನಿ. ನಾಳೆ ಮಾಡೋಣ ಅನ್ನಬೇಡಿ. ಕತ್ತಲ ಮೂಲೆಯಲ್ಲಿ ಒಂದೆರಡು ದಿನ ಉಳಿದರೂ ಸಸಿ ಬೆಳಕು ಹುಡುಕುತ್ತಾ ಉದ್ದಕ್ಕೆ ಎಳೆದುಕೊಂಡು, ದಾರದಂಥ ಬಿಳಿ ಕಾಂಡದ ಮೇಲೆ ಎರಡು ಎಲೆ ಹೊತ್ತು ಒಂದು ಕಡೆ ಬಾಗಿ ನಿಲ್ಲುತ್ತದೆ. ಹಾಗಾದ ಕಾಂಡ ಮತ್ತೆ ಗಿಡ್ಡ ಆಗುವುದಿಲ್ಲ.

ಕಿಟಕಿ ಸಾಕಾಗುವುದಿಲ್ಲವೇ ಅಂದರೆ, ಚಳಿಗಾಲದ ಕೊನೆಯಲ್ಲಿ ಹಗಲು ಚಿಕ್ಕದು, ಬಿಸಿಲು ಓರೆ, ಮೋಡ ಬೇರೆ. ನಮ್ಮ ಕಣ್ಣಿಗೆ ಬೆಳಕಾಗಿ ಕಂಡ ಜಾಗ ಗಿಡಕ್ಕೆ ಮಬ್ಬು. ಹಾಗಾಗಿ ದೀಪಕ್ಕೇ ನನ್ನ ಓಟು. ದುಬಾರಿ ದೀಪ ಬೇಕಿಲ್ಲ, ಬಿಳಿ ಬೆಳಕಿನ ಸಾಮಾನ್ಯ ಎಲ್‌ಇಡಿ ಟ್ಯೂಬ್‌ಲೈಟ್ ಸಾಕು, ಆದರೆ ಅದನ್ನು ಛಾವಣಿಗೆ ಹಾಕದೆ ಸಸಿಯ ತಲೆಯಿಂದ 5ರಿಂದ 10 ಸೆಂಟಿಮೀಟರ್ ಮೇಲೆ ತೂಗಿಹಾಕಿ, ಸಸಿ ಬೆಳೆದ ಹಾಗೆ ಸರಪಣಿ ಎತ್ತುತ್ತಾ ಹೋಗಿ. ಗಿಡಗಳಿಗೆಂದೇ ಮಾಡಿದ ಪ್ರಬಲ ದೀಪವಾದರೆ ಅದರ ಜೊತೆ ಹೇಳಿರುವಷ್ಟು ದೂರ ಇಡಿ. ದಿನಕ್ಕೆ 14ರಿಂದ 16 ಗಂಟೆ ಉರಿಯಲಿ. ರಾತ್ರಿ ಆರಿಸಿ. ಮರೆಯುವವರು ಟೈಮರ್ ಹಾಕಿಕೊಳ್ಳಿ.

ಈ ಹಂತದಲ್ಲಿ ಕೋಣೆ 16ರಿಂದ 20 ಡಿಗ್ರಿ ಇದ್ದರೆ ಸಸಿ ಗಿಡ್ಡವಾಗಿ, ದಪ್ಪವಾಗಿ ಬೆಳೆಯುತ್ತದೆ. ನೀರನ್ನು ಟ್ರೇಯ ಕೆಳಗಿಟ್ಟ ತಟ್ಟೆಗೆ ಹಾಕಿ, ಮಣ್ಣು ಹೀರಿಕೊಳ್ಳಲಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಚೆಲ್ಲಿ. ಮೇಲ್ಮಣ್ಣು ಸದಾ ಒದ್ದೆ ಇದ್ದರೆ ಶಿಲೀಂಧ್ರ ಹಿಡಿಯುತ್ತದೆ: ಸಂಜೆ ನೆಟ್ಟಗಿದ್ದ ಸಸಿ ಬೆಳಗ್ಗೆ ಅಡ್ಡ ಬಿದ್ದಿರುತ್ತದೆ, ಬುಡದ ಹತ್ತಿರ ಕಾಂಡ ಕಂದಾಗಿ, ಹಿಸುಕಿದ ಹಾಗೆ ಸಣ್ಣಗಾಗಿರುತ್ತದೆ. ಬಿದ್ದದ್ದು ಏಳುವುದಿಲ್ಲ. ಅದನ್ನು ಮಣ್ಣಿನ ಸಮೇತ ತೆಗೆದು ಎಸೆಯಿರಿ, ಉಳಿದದ್ದಕ್ಕೆ ನೀರು ಕಡಿಮೆ ಮಾಡಿ, ಒಂದು ಚಿಕ್ಕ ಫ್ಯಾನ್ ನಿಧಾನವಾಗಿ ಓಡಿಸಿ. ಗಾಳಿಗೆ ತೂಗಾಡಿದ ಕಾಂಡ ಗಟ್ಟಿಯೂ ಆಗುತ್ತದೆ.

ದೊಡ್ಡ ಕುಂಡಕ್ಕೆ, ಆಮೇಲೆ ಹೊರಗೆ

ಮೊದಲು ಬರುವ ಎರಡು ನಯವಾದ ಎಲೆ ಬೀಜದಳ. ಅದಾದ ಮೇಲೆ ಆ ಗಿಡದ್ದೇ ಆಕಾರದ ಎಲೆ ಒಂದೆರಡು ಬಂದಾಗ ಬೇರೆ ಕುಂಡಕ್ಕೆ ಬದಲಾಯಿಸಿ. ಎಲೆ ಹಿಡಿದು ಎತ್ತಿ, ಕಾಂಡ ಮುಟ್ಟಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ನಜ್ಜಾದರೆ ಗಿಡವೇ ಹೋಯಿತು. ಟೊಮೆಟೊವನ್ನು ಬೀಜದಳದವರೆಗೂ ಹೂತುಬಿಡಿ, ಕಾಂಡದಿಂದಲೂ ಬೇರು ಒಡೆಯುತ್ತದೆ. ಇಲ್ಲಿಂದ ವಾರಕ್ಕೊಮ್ಮೆ ದ್ರವ ಗೊಬ್ಬರ ಕೊಡಿ, ಡಬ್ಬಿ ಮೇಲೆ ಹೇಳಿದ್ದರ ಅರ್ಧದಷ್ಟು ಮಾತ್ರ.

ನಾಟಿಗೆ ಒಂದು ವಾರ ಹತ್ತು ದಿನ ಇರುವಾಗ ಹೊರಗಿನ ಅಭ್ಯಾಸ ಮಾಡಿಸಿ. ಮೊದಲ ದಿನ ನೆರಳಲ್ಲಿ, ಗಾಳಿ ತಾಗದ ಕಡೆ ಒಂದೆರಡು ಗಂಟೆ. ಆಮೇಲೆ ದಿನಾ ಸ್ವಲ್ಪ ಜಾಸ್ತಿ ಹೊತ್ತು, ಸ್ವಲ್ಪ ಜಾಸ್ತಿ ಬಿಸಿಲು. ಈ ಹಂತ ಬಿಟ್ಟು ನೇರ ಬಿಸಿಲಿಗಿಟ್ಟರೆ ಎಲೆ ಒಂದೇ ದಿನದಲ್ಲಿ ಬಿಳುಚಿ ಸುಡುತ್ತದೆ. ಕೋಸಿನ ಜಾತಿ ಸ್ವಲ್ಪ ಚಳಿ ತಡೆಯುತ್ತದೆ, ಬೇಗ ನೆಡಬಹುದು. ಟೊಮೆಟೊ, ಬದನೆ, ಮೆಣಸಿನಕಾಯಿ ಮಾತ್ರ ರಾತ್ರಿಯ ಚಳಿ 10 ಡಿಗ್ರಿಗಿಂತ ಕೆಳಗಿಳಿಯುವುದು ನಿಂತ ಮೇಲೇ ಹೊರಗೆ. ಮೋಡ ಇರುವ ದಿನ ಅಥವಾ ಸಂಜೆ ಹೊತ್ತು ನೆಟ್ಟು, ಚೆನ್ನಾಗಿ ನೀರು ಕೊಡಿ. ಮೊದಲ ಎರಡು ವಾರ ಮುಚ್ಚಲು ಒಂದು ಹಳೆಯ ಬೆಡ್‌ಶೀಟ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿರಿ. ಮುಗಿಯಿತು ಅಂದುಕೊಂಡ ಚಳಿ ಒಂದು ರಾತ್ರಿಗೆ ಮತ್ತೆ ಬರುವುದುಂಟು.